ಅಪ್‌ಡೇಟ್: ಎಲೆಕೋಸಿಗೆ ಬಿಟಿ ಹೊಡೆದೆ, ಪಕ್ಕದ ಹಿಪ್ಪುನೇರಳೆಯೂ ಉಳಿಯಿತು

ಶಿಡ್ಲಘಟ್ಟದ ಬಳಿ ನಮ್ಮ ಅರ್ಧ ಎಕರೆ ಎಲೆಕೋಸನ್ನು ವಜ್ರಬೆನ್ನಿನ ಪತಂಗದ ಹುಳುಗಳು ಜರಡಿ ಮಾಡಿವೆ, ಯಾವ ಔಷಧಿಗೂ ಬಗ್ಗುತ್ತಿಲ್ಲ, ಬಿಟಿ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಪುಡಿ ಹೊಡೆಯಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ಹೊಡೆದೆ. ಫಲ ಸಿಕ್ಕಿತು.

ಮರುದಿನ ಬೆಳಿಗ್ಗೆ ಹುಳುಗಳೆಲ್ಲ ಜೀವಂತವಾಗಿದ್ದವು, ಎದೆ ಧಸಕ್ಕೆಂದಿತು. ಆದರೆ ಅವು ಮೇಯುತ್ತಿರಲಿಲ್ಲ. ಈ ಬ್ಯಾಕ್ಟೀರಿಯಾ ಮೈಗೆ ತಾಗಿದರೆ ಸಾಲದು, ಎಲೆಯೊಂದಿಗೆ ಹೊಟ್ಟೆ ಸೇರಬೇಕು. ಅಲ್ಲಿನ ಕ್ಷಾರೀಯ ರಸದಲ್ಲಿ ಅದರ ಪ್ರೋಟೀನ್ ಹರಳು ಕರಗಿ ಕರುಳಿನ ಗೋಡೆಯನ್ನು ತೂತು ಮಾಡುತ್ತದೆ. ಮೂರನೆಯ ದಿನ ಮರಿಹುಳುಗಳು ಕಪ್ಪಾಗಿ ಜೋತುಬಿದ್ದಿದ್ದವು. ಬಲಿತ ಕೆಲವು ಉಳಿದವು. ವಾರದ ನಂತರ ಇನ್ನೊಮ್ಮೆ ಹೊಡೆದೆ. ಬಿಸಿಲಿಗೆ ಇದರ ಶಕ್ತಿ ಕುಂದುವುದರಿಂದ ಎರಡು ಸಲವೂ ಸಂಜೆಯೇ, ಎಲೆಯ ಅಡಿಭಾಗ ನೆನೆಯುವಂತೆ.

"ಪಕ್ಕದಲ್ಲಿ ಹಿಪ್ಪುನೇರಳೆ ಇದೆಯೇ?" ಎಂದು ಕೇಳಿದ ಅಣ್ಣನಿಗೆ ಕೈಮುಗಿಯುತ್ತೇನೆ. ಬದುವಿನಾಚೆ ನಮ್ಮ ಚಿಕ್ಕಪ್ಪನ ತೋಟ. ಅವರ ರೇಷ್ಮೆಹುಳು ಆಗ ನಾಲ್ಕನೇ ಜ್ವರದಲ್ಲಿ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತದಲ್ಲಿತ್ತು! ಜಪಾನಿನ ವಿಜ್ಞಾನಿ ಇಶಿವಾತಾ 1901ರಲ್ಲಿ ಈ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದ್ದೇ ರೋಗ ಬಂದ ರೇಷ್ಮೆಹುಳುವಿನಲ್ಲಿ. ರೇಷ್ಮೆಯ ಸೀಮೆಯಲ್ಲಿ ಪುಡಿ ಮಾರುವವರು ಇದು ರೇಷ್ಮೆಹುಳುವನ್ನೂ ಕೊಲ್ಲುತ್ತದೆ ಎಂಬ ಮಾತನ್ನು ಮೊದಲು ಹೇಳಬೇಕು. ನನಗೆ ಮಾರಿದವರು ಹೇಳಲಿಲ್ಲ, ಆ ಸಿಟ್ಟು ಇನ್ನೂ ಆರಿಲ್ಲ. ಹುಳು ಗೂಡು ಕಟ್ಟಿ, ತೋಟದ ಸೊಪ್ಪೆಲ್ಲ ಕೊಯ್ದು ಮುಗಿಯುವವರೆಗೆ ಕಾದು, ಗಾಳಿಯಿಲ್ಲದ ಸಂಜೆ ನೋಡಿ, ಬದುವಿನ ಕಡೆಯ ಆರು ಸಾಲು ಬಿಟ್ಟು ಸಿಂಪಡಿಸಿದೆ. ಆ ಸಾಲುಗಳಲ್ಲಿ ಅಮ್ಮ ಮತ್ತು ನಾನು ಕೈಯಿಂದಲೇ ಹುಳು ಆರಿಸಿದೆವು.

ರಸ ಹೀರುವ ಹೇನುಗಳು ಮಾತ್ರ ಹಾಗೆಯೇ ಇವೆ. ಅವಕ್ಕೆ ಈ ಪುಡಿ ನಾಟುವುದಿಲ್ಲ. ನಾಳೆ ಬೇವಿನ ಎಣ್ಣೆ ಹೊಡೆಯುತ್ತೇನೆ.