ಕಿಡ್ನಿ ಕಲ್ಲು ಇದ್ದಾಗ ಸಿಎ 19-9 ಜಾಸ್ತಿ ಬಂದಿದೆ, ಸಹಾಯ ಬೇಕು

ಅಪ್ಪನಿಗೆ 61 ವರ್ಷ. ಎಡಗಡೆ ಮೂತ್ರನಾಳದಲ್ಲಿ 9 ಮಿ.ಮೀ. ಕಲ್ಲು ಸಿಕ್ಕಿಕೊಂಡು ಕಿಡ್ನಿ ಊದಿಕೊಂಡಿತ್ತು. ಆಗ ಹೆಲ್ತ್ ಪ್ಯಾಕೇಜ್‌ನಲ್ಲಿ ಸೇರಿದೆ ಅಂತ ಸುಮ್ನೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಿಎ 19-9 (ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಏರುವ ಒಂದು ಅಂಶ) ಮಟ್ಟ 118 ಬಂತು. 37ರೊಳಗೆ ಇರಬೇಕಂತೆ. ಕ್ಯಾನ್ಸರ್ ಇರಬಹುದು ಅಂತ ಎಲ್ಲೋ ಓದಿ ಅಮ್ಮ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ.

ಸಿಟಿ ಸ್ಕ್ಯಾನ್‌ನಲ್ಲಿ ಮೇದೋಜೀರಕ ಗ್ರಂಥಿ, ಪಿತ್ತಕೋಶ, ಲಿವರ್ ಸರಿಯಾಗಿವೆ. ಕಾಮಾಲೆಯೂ ಇಲ್ಲ. ಮೂತ್ರ ಕಟ್ಟಿ ಕಿಡ್ನಿ ಊದಿದರೂ ಸಿಎ 19-9 ಏರಬಹುದು, ಕಲ್ಲು ತೆಗೆದ ಮೇಲೆ ಮತ್ತೆ ನೋಡೋಣ ಎಂದರು ಡಾಕ್ಟರ್. ಕಳೆದ ವಾರ ಲೇಸರ್‌ನಲ್ಲಿ ಕಲ್ಲು ತೆಗೆದರು. ಒಳಗೆ ಸ್ಟೆಂಟ್ (ಮೂತ್ರ ಸರಾಗವಾಗಿ ಇಳಿಯಲು ಇಟ್ಟ ಸಣ್ಣ ಕೊಳವೆ) ಇನ್ನೂ ಇದೆ.

ನನ್ನ ಗೊಂದಲ ಇಲ್ಲೇ. ಸ್ಟೆಂಟ್ ಇರುವಾಗಲೇ ಪರೀಕ್ಷೆ ಮಾಡಿಸಬಹುದಾ, ಇಲ್ಲ ಅದನ್ನು ತೆಗೆದ ಮೇಲೆ ಮಾಡಿಸಬೇಕಾ? ಎಷ್ಟು ವಾರ ಕಾಯಬೇಕು? ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಏರಿ ಆಮೇಲೆ ಇಳಿದಿದೆಯಾ?