ಯುದ್ಧವಿಮಾನದ ಪೈಲಟ್ ವೈದ್ಯರನ್ನು ಕೇಳದೆ ಮಾತ್ರೆ ನುಂಗಿದರೆ ಅಪಾಯವೇ?

ಪ್ರಶ್ನೆ (ಗಗನಾಸಕ್ತ):
ನೆಗಡಿ, ತಲೆನೋವು, ಹೊಟ್ಟೆ ಕೆಡುವುದು ಮುಂತಾದ ಸಣ್ಣ ತೊಂದರೆಗಳಿಗೆ ನಾವೆಲ್ಲ ವೈದ್ಯರ ಚೀಟಿಯಿಲ್ಲದೆಯೇ ಔಷಧದಂಗಡಿಯಿಂದ ಮಾತ್ರೆ ತಂದು ನುಂಗುತ್ತೇವೆ. ವಾಯುಪಡೆಯ ಪೈಲಟ್ ಹೀಗೆ ಮಾಡಿದರೆ ಮಾತ್ರ ಅದು ಹಾರಾಟದ ಸುರಕ್ಷತೆಗೆ ಧಕ್ಕೆಯೆನಿಸುತ್ತದೆ. ಆರೋಗ್ಯವಂತ, ತರಬೇತಾದ ವ್ಯಕ್ತಿಯ ಮೇಲೆ ಒಂದು ಸಾಮಾನ್ಯ ಮಾತ್ರೆ ಅಷ್ಟು ಪರಿಣಾಮ ಬೀರುತ್ತದೆಯೇ? ಗೊತ್ತಿದ್ದೂ ಅವರು ಹಾಗೆ ಮಾಡುವುದೇಕೆ?

ಉತ್ತರ 1 (ಔಷಧಶಾಸ್ತ್ರದ ಅಧ್ಯಾಪಕ):
ಬೀರುತ್ತದೆ, ಮತ್ತು ಅದು ನುಂಗಿದವರಿಗೇ ತಿಳಿಯದಿರುವುದು ಇನ್ನೂ ಕೆಟ್ಟದ್ದು. ಡೈಫೆನ್‌ಹೈಡ್ರಮಿನ್, ಕ್ಲೋರ್‌ಫೆನಿರಮಿನ್‌ನಂತಹ ಹಳೆಯ ಆಂಟಿಹಿಸ್ಟಮಿನ್‌ಗಳು (ನೆಗಡಿ, ಅಲರ್ಜಿಗೆ ನುಂಗುವ ಔಷಧಗಳು) ಮಿದುಳನ್ನು ಸುಲಭವಾಗಿ ಹೊಕ್ಕು ಪ್ರತಿಕ್ರಿಯೆಯನ್ನು ನಿಧಾನಗೊಳಿಸುತ್ತವೆ. 2000ದಲ್ಲಿ ಪ್ರಕಟವಾದ ಅಯೋವಾ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ಕುಳಿತವರ ಚಾಲನೆ ಡೈಫೆನ್‌ಹೈಡ್ರಮಿನ್ ಸೇವಿಸಿದಾಗ ಮದ್ಯ ಕುಡಿದಾಗಿನದಕ್ಕಿಂತಲೂ ಕಳಪೆಯಾಗಿತ್ತು. ತಮಗೆಷ್ಟು ತೂಕಡಿಕೆಯಿದೆ ಎಂದು ಅವರು ಹೇಳಿದ್ದಕ್ಕೂ ಅವರ ಚಾಲನೆಗೂ ಸರಿಯಾಗಿ ತಾಳೆಯಾಗಲಿಲ್ಲ. ಅಮೆರಿಕದ ನಾಗರಿಕ ಪೈಲಟ್‌ಗಳಿಗೂ ಈ ಔಷಧದ ಕೊನೆಯ ಡೋಸ್‌ನ ನಂತರ 60 ಗಂಟೆ ಹಾರಬಾರದೆಂಬ ಸೂಚನೆಯಿದೆ. ರಾತ್ರಿ ನುಂಗಿ, ಬೆಳಿಗ್ಗೆ ಸರಿಹೋಯಿತು ಎನ್ನುವ ಲೆಕ್ಕಾಚಾರ ಇಲ್ಲಿ ನಡೆಯದು.

ಉತ್ತರ 2 (ಕಿವಿ-ಮೂಗು-ಗಂಟಲು ವೈದ್ಯೆ):
ಎಷ್ಟೋ ಬಾರಿ ಔಷಧಕ್ಕಿಂತ ಅದು ಮರೆಮಾಚುವ ಕಾಯಿಲೆಯೇ ಹೆಚ್ಚು ಅಪಾಯಕಾರಿ. ನೆಗಡಿಯಾದಾಗ ಮೂಗಿನ ಹಿಂಭಾಗವನ್ನು ನಡುಗಿವಿಗೆ ಸೇರಿಸುವ ಯೂಸ್ಟೇಷಿಯನ್ ನಾಳ ಊದಿಕೊಳ್ಳುತ್ತದೆ. ಮೂಗಿಗೆ ಸ್ಪ್ರೇ ಹಾಕಿಕೊಂಡು ಹೊರಟ ಪೈಲಟ್‌ಗೆ ಮೇಲೇರುವಾಗ ಏನೂ ಅನ್ನಿಸದಿರಬಹುದು, ಏಕೆಂದರೆ ಹಿಗ್ಗಿದ ಗಾಳಿ ತಾನಾಗಿಯೇ ಹೊರಬೀಳುತ್ತದೆ. ಇಳಿಯುವಾಗ ಗಾಳಿ ಒಳಕ್ಕೆ ಹೋಗಬೇಕು. ಅಷ್ಟರಲ್ಲಿ ಸ್ಪ್ರೇಯ ಪ್ರಭಾವ ಮುಗಿದಿದ್ದರೆ ನಾಳ ಮುಚ್ಚಿಕೊಂಡು ಕಿವಿತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ, ತೀವ್ರ ನೋವು ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ತಲೆಯೂ ಸುತ್ತುತ್ತದೆ. ಇದೆಲ್ಲ ನಡೆಯುವುದು ವಿಮಾನ ನೆಲಕ್ಕೆ ಹತ್ತಿರವಾಗುತ್ತಿರುವ ಹೊತ್ತಿನಲ್ಲಿ. ಭೇದಿಯ ವಿಷಯವೂ ಹೀಗೆಯೇ: ಮಾತ್ರೆ ಭೇದಿಯನ್ನು ನಿಲ್ಲಿಸುತ್ತದೆಯೇ ಹೊರತು ದೇಹ ಕಳೆದುಕೊಂಡ ನೀರನ್ನು ಮರಳಿ ಕೊಡುವುದಿಲ್ಲ, ಮತ್ತು ನೀರಿನಂಶ ಕಡಿಮೆಯಾದ ದೇಹ ತೀವ್ರ ತಿರುವುಗಳಲ್ಲಿ ಜಿ-ಬಲವನ್ನು, ಅಂದರೆ ದೇಹದ ತೂಕ ಹಲವು ಪಟ್ಟು ಹೆಚ್ಚಿದಂತೆ ಒತ್ತುವ ಬಲವನ್ನು, ಮೊದಲಿನಷ್ಟು ತಾಳಲಾರದು.

ಉತ್ತರ 3 (ನಿವೃತ್ತ ವಾಯುಯೋಧ):
ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಕಾರಣ ಅಜ್ಞಾನವಲ್ಲ, ಗ್ರೌಂಡ್ ಆಗುವ, ಅಂದರೆ ಹಾರಾಟದಿಂದ ದೂರವಿಡಲ್ಪಡುವ, ಭಯ. ಫ್ಲೈಟ್ ಸರ್ಜನ್ (ಪೈಲಟ್‌ಗಳ ಆರೋಗ್ಯ ನೋಡಿಕೊಳ್ಳುವ ವೈದ್ಯ) ಬಳಿ ಹೋದರೆ ಹಾರಾಟ ನಿಲ್ಲುತ್ತದೆ, ಸಹೋದ್ಯೋಗಿಯ ಮೇಲೆ ಹೊರೆ ಬೀಳುತ್ತದೆ, ವೈದ್ಯಕೀಯ ದಾಖಲೆಯಲ್ಲಿ ಒಂದು ಸಾಲು ಉಳಿಯುತ್ತದೆ. ಶಿಕ್ಷೆಯನ್ನು ಹೆಚ್ಚಿಸಿದರೆ ಮುಚ್ಚಿಡುವುದೂ ಹೆಚ್ಚುತ್ತದೆ ಎಂಬುದು ನನ್ನ ಅಭಿಪ್ರಾಯ. ಗುಣವಾದೊಡನೆ ತಡವಿಲ್ಲದೆ ಮತ್ತೆ ಹಾರಲು ಬಿಡುತ್ತಾರೆಂಬ ನಂಬಿಕೆಯಿದ್ದಲ್ಲಿ ಪೈಲಟ್‌ಗಳು ತಾವಾಗಿಯೇ ಬಂದು ಹೇಳುತ್ತಾರೆ.

ಗಗನಾಸಕ್ತ:
ಧನ್ಯವಾದಗಳು. ವ್ಯಾಯಾಮಕ್ಕೆ ಮುನ್ನ ಸೇವಿಸುವ ಶಕ್ತಿವರ್ಧಕ ಪುಡಿಗಳೂ ಇದರಲ್ಲಿ ಸೇರುತ್ತವೆಯೇ?

ಉತ್ತರ 1 (ಔಷಧಶಾಸ್ತ್ರದ ಅಧ್ಯಾಪಕ):
ಖಂಡಿತ ಸೇರುತ್ತವೆ. ಡಿಎಂಎಎ ಎಂಬ ಉತ್ತೇಜಕವಿದ್ದ ಇಂತಹ ಪುಡಿಗಳನ್ನು ಅಮೆರಿಕದ ಸೇನೆ 2011ರ ಕೊನೆಯಲ್ಲಿ ತನ್ನ ನೆಲೆಗಳ ಅಂಗಡಿಗಳಿಂದಲೇ ತೆಗೆಸಿತು. ಡಬ್ಬಿಯ ಮೇಲೆ ಬರೆದಿರುವುದಷ್ಟೇ ಒಳಗಿರುತ್ತದೆಂಬ ಖಾತರಿಯಿಲ್ಲ. ಪೈಲಟ್ ಆ ಡಬ್ಬಿಯನ್ನೂ ಫ್ಲೈಟ್ ಸರ್ಜನ್‌ಗೆ ತೋರಿಸಿ ಒಪ್ಪಿಗೆ ಪಡೆಯುವುದು ಲೇಸು.