ಬ್ಯಾಂಕಿಗೆ ಇನ್ನೂ ಹೋಗದ ಚೆಕ್‌ಗಳ ಪಟ್ಟಿ ಟ್ಯಾಲಿ ಲೆಕ್ಕದ ಸಾಫ್ಟ್‌ವೇರಿನಲ್ಲಿ ತೆಗೆಯುವುದು ಹೇಗೆ?

ಗೋಣಿಕೊಪ್ಪದ ಲೆಕ್ಕದಮ್ಮ:
ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಗೊಬ್ಬರ, ಔಷಧಿ, ಸ್ಪ್ರಿಂಕ್ಲರ್ ಪೈಪು ಎಲ್ಲಾ ಇದೆ. ಕುಟ್ಟದಲ್ಲೊಂದು, ಸಿದ್ದಾಪುರದಲ್ಲೊಂದು ಕೌಂಟರ್ ಇದೆ. ಗಿರಾಕಿಗಳು ಜಾಸ್ತಿ ತೋಟದವರೇ. ಮಳೆಗೆ ಮುಂಚೆ ಗೊಬ್ಬರ ಒಯ್ಯುತ್ತಾರೆ, ಕಾಫಿ ಮಾರಿದ ಮೇಲೆ ಚೆಕ್ ಕೊಡುತ್ತಾರೆ.

ನನ್ನ ತೊಂದರೆ ಇದು. ಚೆಕ್ ಕೈಗೆ ಬಂದ ಕೂಡಲೇ ಬ್ಯಾಂಕ್ ಲೆಡ್ಜರಿಗೆ (ಬ್ಯಾಂಕಿನ ಹೆಸರಿನ ಖಾತೆಗೆ) ರಿಸೀಟ್, ಅಂದರೆ ದುಡ್ಡು ಬಂತು ಅನ್ನುವ ಎಂಟ್ರಿ, ಹಾಕಿಬಿಡುತ್ತೇನೆ. ಪುಸ್ತಕದಲ್ಲಿ ದುಡ್ಡು ಬ್ಯಾಂಕಿನಲ್ಲಿ, ಚೆಕ್ ಮಾತ್ರ ನನ್ನ ಡ್ರಾಯರಿನಲ್ಲಿ! ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮಾಲೀಕರು ಕೇಳುತ್ತಾರೆ, "ಬ್ಯಾಂಕಿಗೆ ಹೋಗ್ಬೇಕಾದ್ದು ಎಷ್ಟಿದೆ ಅಮ್ಮಾ?" ನಾನು ಡ್ರಾಯರ್ ಎಳೆದು ಎಣಿಸುತ್ತೇನೆ. ಕುಟ್ಟಕ್ಕೆ ಫೋನ್ ಮಾಡಿದರೆ ಆ ಹುಡುಗ ಎತ್ತುವುದಿಲ್ಲ.

ನಮ್ಮ ಪುಸ್ತಕವನ್ನು ಬ್ಯಾಂಕಿನ ಲೆಕ್ಕದ ಜೊತೆ ತಾಳೆ ಹಾಕುವ ರೀಕನ್ಸಿಲಿಯೇಷನ್ ನೋಡಿದೆ. ಅಲ್ಲಿ ಬ್ಯಾಂಕಿಗೆ ಕೊಟ್ಟು ಪಾಸಾಗದ್ದು, ಕೊಡದೇ ಇರುವುದು ಎರಡೂ ಒಟ್ಟಿಗೇ ಬರುತ್ತವೆ. ಹೋದ ವರ್ಷ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ರಜೆ ಮುಗಿಸಿ ಬಂದು ಡ್ರಾಯರ್ ಗುಡಿಸಿದರೆ ಬಿಲ್ ಪುಸ್ತಕದ ಹಿಂದೆ ಮೇ 28ರ ಚೆಕ್ ಒಂದು ಸಿಕ್ಕಿತು, ಅವಧಿ ಮುಗಿದಿತ್ತು. ತಪ್ಪು ನನ್ನದೇ. ಹೊಸ ಚೆಕ್ ಕೇಳಲು ಆ ಸಾಹುಕಾರ್ರ ಮನೆಗೆ ನಾನೇ ಹೋದೆ. ಕಾಫಿ ಕೊಟ್ಟು ಬೈದರು.

ಡ್ರಾಯರಿನಲ್ಲಿ ಇರುವುದನ್ನು ಮಾತ್ರ ತೋರಿಸುವ ರಿಪೋರ್ಟ್ ಬೇಕು.

ಸೋಮವಾರಪೇಟೆ ಹಳಬ:
ಒಂದು ರಿಜಿಸ್ಟರ್ ಪುಸ್ತಕ ತಗೊಳ್ಳಿ ಅಕ್ಕಾ. ಚೆಕ್ ಬಂದಾಗ ಬರೆಯಿರಿ, ಬ್ಯಾಂಕಿಗೆ ಹೋದಾಗ ಗೀಟು ಹಾಕಿ. ಸುಮ್ನೆ ಯಾಕೆ ತಲೆಬಿಸಿ?

ಗೋಣಿಕೊಪ್ಪದ ಲೆಕ್ಕದಮ್ಮ:
ಪುಸ್ತಕ ಇದೆ ಅಣ್ಣಾ. ಮೂರಿದೆ. ಕುಟ್ಟದ್ದು ಕುಟ್ಟದಲ್ಲೇ ಇರುತ್ತದೆ, ಅಷ್ಟೇ.

ಕುಶಾಲನಗರ ಟ್ಯಾಲಿ:
ಮೇಡಂ, ರಿಪೋರ್ಟಿನಲ್ಲಿ ತಪ್ಪಿಲ್ಲ, ನೀವು ಎಂಟ್ರಿ ಹಾಕುವ ಕ್ರಮ ಬದಲಾಗಬೇಕು. "ಕೈಯಲ್ಲಿರುವ ಚೆಕ್" ಅಂತ ಒಂದು ಲೆಡ್ಜರ್ ಮಾಡಿ, ಅದನ್ನು ಬ್ಯಾಂಕ್ ಅಕೌಂಟ್ಸ್ ಗುಂಪಿನ ಕೆಳಗೇ ಇಡಿ. ಕರೆಂಟ್ ಅಸೆಟ್ಸ್ ಕೆಳಗೆ ಇಟ್ಟರೆ ಕಾಂಟ್ರಾ ವೋಚರ್ (ನಗದು, ಬ್ಯಾಂಕ್ ಲೆಡ್ಜರುಗಳ ನಡುವೆ ದುಡ್ಡು ತಿರುಗಿಸುವ ಎಂಟ್ರಿ) ಅದನ್ನು ತಗೊಳ್ಳುವುದಿಲ್ಲ, ನಾನು ಒಂದು ದಿನ ಪೂರ್ತಿ ಅಲ್ಲೇ ಸಿಕ್ಕಿಕೊಂಡಿದ್ದೆ.

ಚೆಕ್ ಬಂದಾಗ ರಿಸೀಟ್ ಈ ಲೆಡ್ಜರಿಗೆ. ಚೆಕ್ ನಂಬರು, ತಾರೀಕು ಅಲ್ಲೇ ತುಂಬಿ. ಬ್ಯಾಂಕಿಗೆ ಕೊಟ್ಟ ದಿನ ಡೆಪಾಸಿಟ್ ಸ್ಲಿಪ್ಪಿನ ಮೊತ್ತಕ್ಕೆ ಒಂದು ಕಾಂಟ್ರಾ ಹಾಕಿ, ಇಲ್ಲಿಂದ ನಿಜವಾದ ಬ್ಯಾಂಕ್ ಲೆಡ್ಜರಿಗೆ. ಆಮೇಲೆ ಕೈಯಲ್ಲಿರುವ ಚೆಕ್ ಲೆಡ್ಜರಿನ ರೀಕನ್ಸಿಲಿಯೇಷನ್ ತೆರೆದು, ಕೊಟ್ಟುಬಿಟ್ಟ ರಿಸೀಟುಗಳಿಗೂ ಆ ಕಾಂಟ್ರಾಕ್ಕೂ ಅದೇ ದಿನದ ಬ್ಯಾಂಕ್ ಡೇಟ್ ಹಾಕಿ. ಡೇಟ್ ಇಲ್ಲದೆ ಉಳಿದವೇ ನಿಮ್ಮ ಡ್ರಾಯರ್. ಲೆಡ್ಜರಿನ ಬ್ಯಾಲೆನ್ಸ್ ಮಾಲೀಕರ ಪ್ರಶ್ನೆಗೆ ಉತ್ತರ. ಪಾಸಾಗಿದೆಯೋ ಇಲ್ಲವೋ ಅನ್ನುವುದು ನಿಜವಾದ ಬ್ಯಾಂಕ್ ಲೆಡ್ಜರಿನಲ್ಲಿ ಬೇರೆಯಾಗೇ ಕಾಣುತ್ತದೆ.

ಮುಂದಿನ ತಾರೀಕಿನ ಚೆಕ್ ಇದ್ದರೆ ವೋಚರಿನಲ್ಲಿ ಕಂಟ್ರೋಲ್ ಟಿ ಒತ್ತಿ ಪೋಸ್ಟ್ ಡೇಟೆಡ್ ಮಾಡಿ. ಆ ತಾರೀಕು ಬರುವ ತನಕ ಲೆಕ್ಕಕ್ಕೆ ಸೇರುವುದಿಲ್ಲ. ಇಲ್ಲದಿದ್ದರೆ ಮಾರ್ಚಿನ ಚೆಕ್ಕನ್ನು ಜನವರಿಯಲ್ಲೇ ಬ್ಯಾಂಕಿಗೆ ಹಾಕಿಲ್ಲ ಅಂತ ನಿಮ್ಮನ್ನೇ ಕೇಳುತ್ತಾರೆ.

ವಿರಾಜಪೇಟೆ ನಿವೃತ್ತ:
ಬ್ಯಾಂಕಿನ ಕೌಂಟರಿನ ಒಳಗೆ ಕೂತಿದ್ದವನು ನಾನು. ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನಮ್ಮ. ಪಟ್ಟಿಯನ್ನು ರಿಸೀಟಿನ ದಿನದಿಂದ ನೋಡಬೇಡಿ, ಚೆಕ್ಕಿನ ಮೇಲಿನ ತಾರೀಕಿನಿಂದ ನೋಡಿ. 2012ರ ಏಪ್ರಿಲ್‌ನಿಂದ ಚೆಕ್ಕಿಗೆ ಆಯಸ್ಸು ಮೂರೇ ತಿಂಗಳು. ಮೊದಲು ಆರು ಇತ್ತು, ಇನ್ನೂ ಅದೇ ಅಂದುಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವಧಿ ಮುಗಿದ ಮೇಲೆ ಹಾಕಿ ವಾಪಸ್ ಬಂದರೆ ಚೆಕ್ ಬೌನ್ಸ್ ಕೇಸೂ ನಿಲ್ಲುವುದಿಲ್ಲ. ದುಡ್ಡಿಲ್ಲದೆ ವಾಪಸ್ ಬಂದದ್ದಾದರೆ, ಆ ವಿಷಯ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು.

2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ (ಬ್ಯಾಂಕುಗಳ ನಡುವೆ ಚೆಕ್ ಪಾಸಾಗುವ ವ್ಯವಸ್ಥೆ) ಕೂಡ ಬದಲಾಗಿದೆ. ಬೆಳಿಗ್ಗೆ 10ರಿಂದ ಸಂಜೆ 4ರ ತನಕ ಚೆಕ್ಕಿನ ಚಿತ್ರಗಳು ಬಂದ ಹಾಗೇ ಹೋಗುತ್ತಿರುತ್ತವೆ. ಕಂತೆ ಕಟ್ಟಿ ಕಾಯುವ ಕಾಲ ಹೋಯಿತು. ಹಾಗಾಗಿ ತಡ ಆಗುತ್ತಿರುವುದು ಡ್ರಾಯರಿನಲ್ಲೇ ಅಲ್ವಾ? ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ಇಲ್ಲ. ಆ ವಾರ ಗುರುವಾರವೇ ಒಮ್ಮೆ ಪಟ್ಟಿ ತೆಗೆಯಿರಿ.

ಗೋಣಿಕೊಪ್ಪದ ಲೆಕ್ಕದಮ್ಮ:
ಇಬ್ಬರಿಗೂ ಥ್ಯಾಂಕ್ಸ್. ನಾಲ್ಕು ದಿನ ಹೊಸ ಲೆಡ್ಜರಿನಲ್ಲೇ ನಡೆಸಿದೆ. ಡ್ರಾಯರ್‌ಗಳಲ್ಲಿ ಇದ್ದ ಹಳೆಯದನ್ನೂ ಕೂತು ಅಲ್ಲಿಗೆ ತಿರುಗಿಸಿದೆ. ನಿನ್ನೆ ಸಂಜೆ ಪಟ್ಟಿಯಲ್ಲಿ 14 ಚೆಕ್ ಬಂತು. ಗೋಣಿಕೊಪ್ಪದ 9, ಸಿದ್ದಾಪುರದ 2, ಕುಟ್ಟದ 3. ಎಣಿಸಿದರೆ ಡ್ರಾಯರಿಗೂ ಪಟ್ಟಿಗೂ ತಾಳೆ ಆಯಿತು. ಮಾಲೀಕರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಕುಟ್ಟದ ಒಂದು ಚೆಕ್ಕಿಗೆ 26 ದಿನ ಆಗಿತ್ತು. ಹುಡುಗ ಈ ಸಲ ಫೋನ್ ಎತ್ತಿದ. "ಆ ಸಾಹುಕಾರ್ರು ಮೆಣಸು ಮಾರುವ ತನಕ ಹಾಕ್ಬೇಡಿ ಅಂದಿದ್ರು ಅಕ್ಕಾ" ಅಂದ. ಮಾಲೀಕರಿಗೆ ಅದು ಗೊತ್ತೇ ಇರಲಿಲ್ಲ. ಇನ್ನು ಮೇಲೆ ಹಾಗೆ ನಿಲ್ಲಿಸಿದ ಚೆಕ್ಕಿಗೆಲ್ಲ ನರೇಷನ್‌ನಲ್ಲಿ (ವೋಚರಿನ ಕೆಳಗಿನ ವಿವರಣೆಯ ಜಾಗದಲ್ಲಿ) ಯಾರು ಹೇಳಿದರು, ಯಾವತ್ತಿನ ತನಕ ಅಂತ ಬರೆಯಬೇಕು ಅಂದಿದ್ದಾರೆ. ಮೆಣಸಿನ ಸಾಹುಕಾರ್ರದ್ದನ್ನು ಇವತ್ತು ಬರೆದೆ.